ಆಂಬುಲೆನ್ಸ್ ಡೆಸ್ಕಿನ ಹಳೇ ಫೋನ್ ವ್ಯವಸ್ಥೆ ಬದಲಿಸುವವರಿಗೆ

ಮೈಸೂರು, ಮಂಡ್ಯ ಕಡೆಯ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ, ಖಾಸಗಿ ಆಂಬುಲೆನ್ಸ್ ಕಚೇರಿಗಳಲ್ಲಿ, ಕಾರ್ಖಾನೆಗಳ ಸೇಫ್ಟಿ ರೂಮುಗಳಲ್ಲಿ ತುರ್ತು ಕರೆ ಬಂದು ಸೇರುವುದು ಇವತ್ತಿಗೂ ಗೋಡೆಗೆ ನೇತು ಹಾಕಿದ ಹಳೇ ಇಪಿಎಬಿಎಕ್ಸ್ ಡಬ್ಬಿಗೆ, ಅಂದರೆ ಹೊರಗಿನ ಲೈನನ್ನು ಒಳಗಿನ ಫೋನುಗಳಿಗೆ ಹಂಚುವ ಯಂತ್ರಕ್ಕೆ. ಬಿಡಿಭಾಗ ಸಿಗುವುದಿಲ್ಲ. ಹಾಕಿಕೊಟ್ಟವರು ಯಾವಾಗಲೋ ಅಂಗಡಿ ಮುಚ್ಚಿದ್ದಾರೆ. ಮಳೆ ಬಂದರೆ ಲೈನಿನಲ್ಲಿ ಗೊರಗೊರ ಸದ್ದು. ಬದಲಿಸೋಣ ಅಂತ ಎಲ್ಲರೂ ಹೇಳುತ್ತಾರೆ, ಕೈ ಹಾಕಲು ಮಾತ್ರ ಹಿಂಜರಿಕೆ.

112 ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. 112ಕ್ಕೆ ಮಾಡಿದ ಕರೆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿಂದ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಕಡೆಗೆ ದಾಟುತ್ತದೆ. 108 ಕರ್ನಾಟಕದಲ್ಲಿ 2008ರಿಂದ ಓಡುತ್ತಿದೆ. ಎರಡೂ ಇರಲಿ, ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಬಂದಾಗ ಊರಿನವರು ಮೊದಲು ಒತ್ತುವುದು ತಮಗೆ ಗೊತ್ತಿರುವ ಆಸ್ಪತ್ರೆಯ ನಂಬರನ್ನೇ. ಆ ನಂಬರ್ ಎತ್ತುವ ಕಡೆಯ ವ್ಯವಸ್ಥೆಯ ಬಗ್ಗೆ ಈ ಲೇಖನ. ಹತ್ತಿಪ್ಪತ್ತು ಒಳಗಿನ ಫೋನ್, ಅಂದರೆ ಎಕ್ಸ್‌ಟೆನ್ಷನ್ ಇರುವ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

1. ತಂತಿ ಹಿಡಿದು ಹೊರಡಿ

ಮಾರಾಟದವರನ್ನು ಕರೆಯುವ ಮೊದಲು ಈಗ ಏನಿದೆ ಅಂತ ನೋಡಿ. ಬಿಎಸ್‌ಎನ್‌ಎಲ್ ಡಿಪಿ ಬಾಕ್ಸಿನಿಂದ, ಅಂದರೆ ಹೊರಗಿನ ತಂತಿ ಬಂದು ಸೇರುವ ಪೆಟ್ಟಿಗೆಯಿಂದ, ಶುರು ಮಾಡಿ. ತಂತಿ ಸಿಕ್ಕಿಸುವ ಕ್ರೋನ್ ಮಾಡ್ಯೂಲಿನ ಒಂದೊಂದು ಜೋಡಿ ತಂತಿ ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಳ್ಳಿ. ಒಂದು ಹಳೇ ಫೋನ್ ಹಿಡಿದು ಪ್ರತಿ ಲೈನಿಗೂ ಸಿಕ್ಕಿಸಿ, ಡಯಲ್ ಟೋನ್ ಇದೆಯಾ, ಯಾವ ನಂಬರ್ ಅಂತ ಗುರುತು ಮಾಡಿ. ಜೊತೆಗೆ ಅಕೌಂಟ್ಸ್ ವಿಭಾಗದಿಂದ ಫೋನ್ ಬಿಲ್‌ಗಳನ್ನು ತರಿಸಿ. ಬಿಲ್ ಕಟ್ಟುತ್ತಲೇ ಇದ್ದು ಜೀವವೇ ಇಲ್ಲದ ಲೈನ್ ಒಂದಾದರೂ ಸಿಗುತ್ತದೆ.

ಹುಷಾರಾಗಿ ನೋಡಬೇಕಾದ್ದು ಫೋನಲ್ಲದ ಫೋನ್ ಲೈನ್‌ಗಳನ್ನು. ಲಿಫ್ಟಿನೊಳಗಿನ ತುರ್ತು ಫೋನ್, ಹಳೇ ಫ್ಯಾಕ್ಸ್, ಬೆಂಕಿ ಅಲಾರಂ ಪ್ಯಾನಲ್‌ನಿಂದ ತಾನೇ ಡಯಲ್ ಮಾಡುವ ಡಬ್ಬಿ, ಬ್ಲಡ್ ಬ್ಯಾಂಕಿಗೆ ಹೋಗುವ ಹಾಟ್‌ಲೈನ್. ಇವು ವರ್ಷಕ್ಕೊಮ್ಮೆಯೂ ರಿಂಗ್ ಆಗದೇ ಇರಬಹುದು. ಹಾಗಾಗಿ ಯಾರಿಗೂ ನೆನಪಿರುವುದಿಲ್ಲ, ಡಬ್ಬಿ ಬಿಚ್ಚಿದ ದಿನ ಸುಮ್ನೆ ಸತ್ತುಹೋಗುತ್ತವೆ.

ನಿಮ್ಮ ನಂಬರ್ ಹೊರಗೆ ಎಲ್ಲೆಲ್ಲಿ ಬರೆದಿದೆ ಎಂಬುದೂ ಈ ಪಟ್ಟಿಗೆ ಸೇರಬೇಕು. ಬಸ್ ಸ್ಟ್ಯಾಂಡ್ ಗೋಡೆ, ಹಾಲಿನ ಡೈರಿ, ಕ್ಯಾಲೆಂಡರ್, ಗ್ರಾಮ ಪಂಚಾಯಿತಿ ಬೋರ್ಡು, ಆಶಾ ಕಾರ್ಯಕರ್ತೆಯರ ಮೊಬೈಲ್. ಅವುಗಳನ್ನೆಲ್ಲ ಬದಲಿಸಲು ನಿಮ್ಮಿಂದ ಆಗುವುದಿಲ್ಲ. ಅದಕ್ಕೇ ಮುಂದಿನ ಮಾತು.

2. ನಂಬರ್ ಉಳಿಯಲೇಬೇಕು

ಯಂತ್ರ ಬದಲಾಗಲಿ, ಕಂಪನಿ ಬದಲಾಗಲಿ, ಜನಕ್ಕೆ ಗೊತ್ತಿರುವ 0821 ಅಥವಾ 08232 ನಂಬರ್ ರಿಂಗ್ ಆಗುತ್ತಲೇ ಇರಬೇಕು. ಇಲ್ಲಿ ಒಂದು ತೊಡಕು ಇದೆ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿದ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಪೋರ್ಟ್ ಮಾಡುವ ಅನುಕೂಲ ನಮ್ಮಲ್ಲಿ ಇಲ್ಲ. "ನಿಮ್ಮ ನಂಬರನ್ನೇ ನಮ್ಮ ಕಡೆ ತಂದುಕೊಡ್ತೀವಿ ಸಾರ್" ಅಂತ ಬೇರೆ ಕಂಪನಿಯ ಏಜೆಂಟ್ ಹೇಳಿದರೆ, ಅದನ್ನು ಕಾಗದದಲ್ಲಿ ಬರೆದುಕೊಡಿ ಅನ್ನಿ. ಅಲ್ಲಿಗೆ ಮಾತು ನಿಲ್ಲುತ್ತದೆ.

ದಾರಿ ಎರಡಿವೆ. ಈಗಿರುವ ಕಂಪನಿಯಲ್ಲೇ ತಾಮ್ರದ ಲೈನನ್ನು ಫೈಬರಿಗೆ ಬದಲಿಸಿ ಅದೇ ನಂಬರ್ ಉಳಿಸಿಕೊಳ್ಳುವುದು ಒಂದು. ಅದೇ ಎಕ್ಸ್‌ಚೇಂಜ್ ವ್ಯಾಪ್ತಿಯೊಳಗೆ ಸಾಮಾನ್ಯವಾಗಿ ಇದು ಆಗುತ್ತದೆ, ಅರ್ಜಿಯಲ್ಲಿ "ಹಳೇ ನಂಬರ್ ಮುಂದುವರಿಸಬೇಕು" ಅಂತ ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು, ಹೊಸ ನಂಬರ್ ತೆಗೆದುಕೊಂಡು ಹಳೆಯದನ್ನು ಕಾಲ್ ಫಾರ್ವರ್ಡ್ ಹಾಕಿ ಉಳಿಸುವುದು. ಹಾಗೆ ಮಾಡಿದರೆ ಹಳೇ ನಂಬರಿನ ಬಾಡಿಗೆಯನ್ನು ವರ್ಷಗಟ್ಟಲೆ ಕಟ್ಟಬೇಕಾಗುತ್ತದೆ. ಕಟ್ಟಿ. ಆಡಿಟ್‌ನವರು ಕೇಳುತ್ತಾರೆ, ಉತ್ತರವನ್ನು ಈಗಲೇ ಫೈಲಿನಲ್ಲಿ ಬರೆದಿಡಿ.

3. ಎಷ್ಟು ಲೈನ್ ಬೇಕು?

ಊಹೆ ಮಾಡಬೇಡಿ, ಲೆಕ್ಕ ಹಾಕಿ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಇವತ್ತಿಗೂ ನಡೆಯುತ್ತದೆ. ಅದರ ಕ್ಯಾಲ್ಕುಲೇಟರ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮಿಂದ ಬೇಕಾದ್ದು ಎರಡೇ ಅಂಕಿ: ತುಂಬಾ ಕರೆ ಬರುವ ಒಂದು ಗಂಟೆಯಲ್ಲಿ ಎಷ್ಟು ಕರೆ, ಒಂದು ಕರೆ ಎಷ್ಟು ನಿಮಿಷ.

ಗಂಟೆಗೆ 40 ಕರೆ, ಒಂದೊಂದು 3 ನಿಮಿಷ ಅಂದುಕೊಳ್ಳಿ. ಒಟ್ಟು 120 ನಿಮಿಷ, ಅಂದರೆ 2 ಎರ್ಲಾಂಗ್ (ಒಂದು ಲೈನ್ ಇಡೀ ಗಂಟೆ ತುಂಬಿದ್ದರೆ 1 ಎರ್ಲಾಂಗ್). 6 ಲೈನ್ ಇದ್ದರೆ ನೂರಕ್ಕೆ ಸುಮಾರು 1.2 ಕರೆಗೆ ಬ್ಯುಸಿ ಟೋನ್ ಸಿಗುತ್ತದೆ. 7 ಲೈನ್ ಮಾಡಿದರೆ ಅದು 0.34ಕ್ಕೆ ಇಳಿಯುತ್ತದೆ. ಒಂದೇ ಲೈನಿನ ವ್ಯತ್ಯಾಸ ನೋಡಿ. ಈಗ ಕೆಟ್ಟ ದಿನದ ಲೆಕ್ಕ. ಕರೆ ನಾಲ್ಕು ಪಟ್ಟಾದರೆ 8 ಎರ್ಲಾಂಗ್, ಆಗ 15ರಷ್ಟು ಲೈನ್ ಬೇಕು. ನಾಲ್ಕು ಪಟ್ಟಿಗೆ ಸುಮಾರು ಎರಡೂವರೆ ಪಟ್ಟು ಲೈನ್ ಸಾಕಾಗುತ್ತದೆ, ಇದು ಈ ಲೆಕ್ಕದ ಒಳ್ಳೇ ಗುಣ.

ಕೆಟ್ಟ ದಿನ ಅಂದರೆ ನಮ್ಮ ಕಡೆ ಯಾವುದು ಅಂತ ಹೇಳಬೇಕಾಗಿಲ್ಲ. ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ತಗ್ಗಿನ ಜಾಗಗಳು. 2024ರ ಮಳೆಗಾಲದಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ಬಿಟ್ಟಿದ್ದರು. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆ. ಎಕ್ಸ್‌ಪ್ರೆಸ್‌ವೇ ಮೇಲೆ ಸಾಲು ಅಪಘಾತ.

ಲೈನ್ 15 ಇದ್ದು ಎತ್ತುವವರು ಇಬ್ಬರೇ ಆದರೆ ಏನು ಉಪಯೋಗ, ಅಲ್ವಾ? ಅದನ್ನು 7ನೇ ಹೆಜ್ಜೆಯಲ್ಲಿ ನೋಡೋಣ.

4. ಯಾವ ಯಂತ್ರ?

ಮೂರು ಬಗೆ ಇವೆ. ಹಳೆಯದರ ಥರದ್ದೇ ಹೊಸ ಇಪಿಎಬಿಎಕ್ಸ್. ನೆಟ್‌ವರ್ಕ್ ಕೇಬಲ್ ಮೇಲೆ ಓಡುವ ಐಪಿ ಪಿಬಿಎಕ್ಸ್. ಯಂತ್ರವೇ ನಿಮ್ಮಲ್ಲಿಲ್ಲದೆ ಎಲ್ಲೋ ಸರ್ವರ್‌ನಲ್ಲಿರುವ ಕ್ಲೌಡ್ ಸೇವೆ. ತುರ್ತು ಕರೆಗೆ ಬರೀ ಕ್ಲೌಡ್ ನಂಬಬೇಡಿ ಎಂಬುದು ನನ್ನ ಅಭಿಪ್ರಾಯ. ಇಂಟರ್‌ನೆಟ್ ಹೋದರೆ ಒಂದೇ ಕಟ್ಟಡದ ಎರಡು ಕೋಣೆಗಳೂ ಮಾತಾಡಲು ಆಗುವುದಿಲ್ಲ. ಯಂತ್ರ ಒಳಗೇ ಇರಲಿ. ಐಪಿ ಫೋನ್‌ಗಳ ಜೊತೆಗೆ ಹಳೇ ಲ್ಯಾಂಡ್‌ಲೈನ್ ತಂತಿಯನ್ನೂ ಹಳೇ ಮಾದರಿಯ ಫೋನನ್ನೂ ಸಿಕ್ಕಿಸಲು ಜಾಗ ಇರುವ ಮಿಶ್ರ ಯಂತ್ರ ತೆಗೆದುಕೊಳ್ಳಿ. ಲಿಫ್ಟ್, ಅಲಾರಂ ಲೈನ್‌ಗಳಿಗೆ ಅದು ಬೇಕೇ ಬೇಕು. ಆಸ್ಟರಿಸ್ಕ್‌ನಂಥ ಉಚಿತ ಸಾಫ್ಟ್‌ವೇರ್ ಹಾಕಿಯೂ ಮಾಡಬಹುದು, ಆದರೆ ರಾತ್ರಿ ಕೆಟ್ಟರೆ ಸರಿ ಮಾಡುವ ಹುಡುಗ ಊರಲ್ಲೇ ಇದ್ದರೆ ಮಾತ್ರ.

ಸರ್ಕಾರಿ ಸಂಸ್ಥೆಯಾದರೆ ಖರೀದಿ 1999ರ ಕೆಟಿಪಿಪಿ ಎಂಬ ಟೆಂಡರ್ ಪಾರದರ್ಶಕತೆ ಕಾಯ್ದೆಯ ಪ್ರಕಾರ ನಡೆಯುತ್ತದೆ. ಟೆಂಡರಿನಲ್ಲಿ ಯಂತ್ರದ ಹೆಸರಿಗಿಂತ ಈ ಮೂರು ಷರತ್ತು ಮುಖ್ಯ. ಕೆಟ್ಟರೆ ಎಷ್ಟು ಗಂಟೆಯೊಳಗೆ ಬರಬೇಕು. ಅಡ್ಮಿನ್ ಪಾಸ್‌ವರ್ಡ್ ಮತ್ತು ಸೆಟ್ಟಿಂಗ್‌ಗಳ ಬ್ಯಾಕಪ್ ಸಂಸ್ಥೆಯ ಕೈಗೆ ಕೊಡಬೇಕು. ಒಂದು ಯಂತ್ರ, ಎರಡು ಫೋನ್ ಸ್ಪೇರ್ ಇರಬೇಕು. ಎರಡನೆಯ ಷರತ್ತು ಇಲ್ಲದಿದ್ದರೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ನವೀಕರಣದ ವೇಳೆ ನಿಮ್ಮ ಜುಟ್ಟು ಅವರ ಕೈಯಲ್ಲಿ.

5. ಹೊರಗಿನ ಲೈನ್

ಇಂಟರ್‌ನೆಟ್ ಮೇಲೆ ನಡೆಯುವ ಒಂದು ಮಾತುಕತೆಗೆ ಹೆಚ್ಚೆಂದರೆ 90 ಕೆಬಿಪಿಎಸ್‌ನಷ್ಟು ಸಾಕು. ಹತ್ತು ಮಾತುಕತೆ ಒಟ್ಟಿಗೆ ನಡೆದರೂ 1 ಎಂಬಿಪಿಎಸ್ ದಾಟುವುದಿಲ್ಲ. ಹಾಗಾಗಿ "300 ಎಂಬಿಪಿಎಸ್ ಪ್ಲಾನ್ ತಗೊಳ್ಳಿ" ಅನ್ನುವವರ ಮಾತಿಗೆ ಮರುಳಾಗಬೇಡಿ. ವೇಗಕ್ಕಿಂತ ಆ ಲೈನನ್ನು ಬೇರೆ ಯಾರೂ ಮುಟ್ಟದಿರುವುದು ಮುಖ್ಯ. ಸಿಸಿಟಿವಿ, ರೋಗಿಗಳ ಕಡೆಯವರ ವೈಫೈ ಇವೆಲ್ಲ ಬೇರೆ ಲೈನಿನಲ್ಲಿ ಹೋಗಲಿ.

ಎರಡು ಕಂಪನಿಯ ಎರಡು ಫೈಬರ್ ಇರಲಿ. ಆದರೆ ಎರಡೂ ಒಂದೇ ಕಂಬದ ಮೇಲೆ, ಒಂದೇ ಮೋರಿಯ ಪಕ್ಕ ಬಂದರೆ ಅದನ್ನು ಎರಡು ಅಂತ ಎಣಿಸಬೇಡಿ. ಒಳಚರಂಡಿಗೋ ಗ್ಯಾಸ್ ಪೈಪಿಗೋ ಜೆಸಿಬಿ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಮುಂದಿನ ರಸ್ತೆಯಿಂದ, ಇನ್ನೊಂದು ಹಿಂದಿನ ಕ್ರಾಸ್‌ನಿಂದ ಬರಲಿ. ಮೂರನೆಯದಾಗಿ ಸಿಮ್ ಹಾಕುವ ಡೆಸ್ಕ್ ಫೋನ್ ಒಂದು. ಆ ಸಿಮ್ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ಯಾವುದೋ ಸ್ಟಾಫ್ ಹೆಸರಿನಲ್ಲಿ ಅಲ್ಲ.

ದಸರೆ ಸಮಯದಲ್ಲಿ ಸಯ್ಯಾಜಿ ರಾವ್ ರಸ್ತೆಯ ಸುತ್ತ ಮೊಬೈಲ್ ಜಾಮ್ ಆಗುವುದನ್ನು ನೀವೇ ನೋಡಿರುತ್ತೀರಿ. ಅಲ್ಲಿರುವ ಸಂಸ್ಥೆಗಳು ಸಿಮ್ ಫೋನನ್ನು ನೆಚ್ಚಿಕೊಳ್ಳುವಂತಿಲ್ಲ. ವೈರ್‌ಲೆಸ್ ಸೆಟ್ ಇದ್ದರೆ ಅದನ್ನು ಹೊಸ ವ್ಯವಸ್ಥೆ ಬಂತು ಅಂತ ಮೂಲೆಗೆ ಎಸೆಯಬೇಡಿ.

6. ಕರೆಂಟ್

ಫೋನ್ ಬದಲಿಸುವಾಗ ಜನ ಎಡವುವುದು ಜಾಸ್ತಿ ಇಲ್ಲೇ.

ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಗೆಲ್ಲ ಕರೆಂಟ್ ಹೋದರೂ ಮೇಜಿನ ಮೇಲಿನ ಕರೀ ಫೋನ್ ರಿಂಗ್ ಆಗುತ್ತಿತ್ತು, ಎಕ್ಸ್‌ಚೇಂಜಿನ ಬ್ಯಾಟರಿ ಅದನ್ನು ಸಾಕುತ್ತಿತ್ತು. ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ನಿಮ್ಮ ಮೋಡೆಮ್, ರೂಟರ್, ಯಂತ್ರ, ಸ್ವಿಚ್, ಪ್ರತಿ ಫೋನು, ಎಲ್ಲಕ್ಕೂ ನೀವೇ ಕರೆಂಟ್ ಕೊಡಬೇಕು. ಫೈಬರ್ ಹಾಕಿಸಿ, ಮೋಡೆಮನ್ನು ಸುಮ್ನೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಆಸ್ಪತ್ರೆಯ ತುರ್ತು ನಂಬರ್ ಮೊದಲ ಗಾಳಿಮಳೆಗೇ ಸತ್ತು ಮಲಗುತ್ತದೆ. ಅದೂ ಮರ ಬಿದ್ದು ಜನ ಫೋನ್ ಮಾಡುವ ಹೊತ್ತಿನಲ್ಲೇ.

ಲೆಕ್ಕ ಸುಲಭ. ಮೋಡೆಮ್ 10 ವ್ಯಾಟ್, ರೂಟರ್ 10, ಯಂತ್ರ 25, ಎಂಟು ಫೋನ್‌ಗಳಿಗೆ ಕರೆಂಟ್ ಕೊಡುವ ಸ್ವಿಚ್ 45. ಒಟ್ಟು 90, ನೂರು ಅಂತಲೇ ಇಟ್ಟುಕೊಳ್ಳಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದೆ. ಇನ್ವರ್ಟರ್‌ನಲ್ಲಿ ಐದನೇ ಒಂದು ಭಾಗ ಹಾಳಾಗುತ್ತದೆ. ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವುದು ಸುಮಾರು 720. ಅಂದರೆ ಏಳು ಗಂಟೆ. ಒಂದು ರಾತ್ರಿ ದಾಟಲು ಇಂಥ ಎರಡು ಬ್ಯಾಟರಿ ಬೇಕು. ಫೋನಿಗೆ ಅಂತಲೇ ಪ್ರತ್ಯೇಕವಾಗಿ. ಅದೇ ಇನ್ವರ್ಟರ್‌ಗೆ ಡಾಕ್ಟರ ರೂಮಿನ ಫ್ಯಾನ್, ಕಾಫಿ ಮೆಷಿನ್ ಸೇರಿದರೆ ಈ ಲೆಕ್ಕ ಮರೆತುಬಿಡಿ.

ಇನ್ನು ಮೂರು ಸಣ್ಣ ವಿಷಯ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದು ಆನ್ ಇರಲಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಮೋಡೆಮ್ ಆಫ್ ಆಗಿ ಮತ್ತೆ ಎದ್ದೇಳಲು ನಿಮಿಷಗಟ್ಟಲೆ ಹಿಡಿಯುತ್ತದೆ, ನಡೆಯುತ್ತಿದ್ದ ಮಾತು ತುಂಡಾಗುತ್ತದೆ. ಎರಡನೆಯದು, ನಿಮ್ಮ ಫೈಬರ್ ಹೋಗಿ ಸೇರುವ ಲೋಕಲ್ ಆಪರೇಟರ್ ಕಚೇರಿಯಲ್ಲಿ ಬ್ಯಾಕಪ್ ಎಷ್ಟು ಗಂಟೆ ಅಂತ ಕೇಳಿ. ಅಲ್ಲಿ ಕರೆಂಟ್ ಹೋದರೆ ನಿಮ್ಮ ಬ್ಯಾಟರಿ ತುಂಬಿದ್ದೂ ಪ್ರಯೋಜನವಿಲ್ಲ. ಮೂರನೆಯದು ಅರ್ತಿಂಗ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ತಾಮ್ರದ ತಂತಿ ಹಿಡಿದೇ ಒಳಗೆ ಬರುತ್ತದೆ. ಹಳೇ ಲೈನ್ ಹೊಸ ಯಂತ್ರಕ್ಕೆ ಸೇರುವ ಜಾಗದಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

7. ರಿಂಗ್ ಯಾರಿಗೆ?

ಮಾರಾಟದವರು ತುಂಬಾ ಖುಷಿಯಿಂದ ತೋರಿಸುವುದು "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂಬ ದನಿ. ತುರ್ತು ನಂಬರಿಗೆ ಅದು ಬೇಡ. ಅಪಾಯಿಂಟ್‌ಮೆಂಟ್ ನಂಬರಿಗೆ ಇಟ್ಟುಕೊಳ್ಳಲಿ. ತುರ್ತು ಕರೆ ನೇರವಾಗಿ ರಿಂಗ್ ಆಗಬೇಕು, ಕ್ಯಾಷುಯಾಲ್ಟಿ ಡೆಸ್ಕ್ ಮತ್ತು ಆಂಬುಲೆನ್ಸ್ ಡೆಸ್ಕ್ ಎರಡೂ ಕಡೆ ಒಟ್ಟಿಗೆ. 15 ಸೆಕೆಂಡಿನಲ್ಲಿ ಯಾರೂ ಎತ್ತದಿದ್ದರೆ ನರ್ಸಿಂಗ್ ಸ್ಟೇಷನ್‌ಗೂ ರಿಸೆಪ್ಷನ್‌ಗೂ ಹೋಗಲಿ. 30 ಸೆಕೆಂಡ್ ದಾಟಿದರೆ ಡ್ಯೂಟಿ ಅಧಿಕಾರಿಯ ಮೊಬೈಲಿಗೆ. ಆಗ ಡೆಸ್ಕಿನಲ್ಲಿ ಇಬ್ಬರೇ ಇದ್ದರೂ ಕರೆ ಬೀದಿಪಾಲಾಗುವುದಿಲ್ಲ. ತಪ್ಪಿದ ಕರೆಯ ನಂಬರ್ ಡೆಸ್ಕಿನ ಪರದೆ ಮೇಲೆ ಕೆಂಪಗೆ ಉಳಿಯಬೇಕು, ವಾಪಸ್ ಮಾಡುವವರೆಗೂ ಹೋಗಬಾರದು.

ಹೊರಗೆ ಹೋಗುವ ಕರೆಯಲ್ಲಿ ಒಂದು ಅಪಾಯ ಇದೆ. ಹಳೇ ಡಬ್ಬಿಗಳಲ್ಲಿ ಹೊರಗಿನ ಲೈನಿಗೆ ಮೊದಲು 0 ಒತ್ತುವ ರೂಢಿ. ಹೊಸದರಲ್ಲಿ 112, ಅಗ್ನಿಶಾಮಕದ 101, 108 ಯಾವ ಎಕ್ಸ್‌ಟೆನ್ಷನ್‌ನಿಂದ ಒತ್ತಿದರೂ, 0 ಒತ್ತದೆಯೂ ನೇರವಾಗಿ ಹೋಗಬೇಕು. ಸಿಪ್ ಟ್ರಂಕ್ ಎನ್ನುವ ಇಂಟರ್‌ನೆಟ್ ಲೈನ್ ತೆಗೆದುಕೊಂಡಿದ್ದರೆ ಇನ್ನೊಂದು ಕಡೆ ಗಮನವಿಡಿ. ಆ ಟ್ರಂಕ್ ಬೆಂಗಳೂರಿನಲ್ಲಿ ನೋಂದಣಿ ಆಗಿದ್ದರೆ ನಿಮ್ಮ 101 ಕರೆ ಬೆಂಗಳೂರಿನಲ್ಲಿ ರಿಂಗ್ ಆಗುವ ಸಂಭವ ಉಂಟು. ತುರ್ತು ನಂಬರ್‌ಗಳನ್ನು ಸ್ಥಳೀಯ ಲ್ಯಾಂಡ್‌ಲೈನ್ ಅಥವಾ ಸಿಮ್ ಮೂಲಕವೇ ಹೋಗುವಂತೆ ಹಾಕಿಸಿ.

ಕರೆ ರೆಕಾರ್ಡಿಂಗ್ ಇರಲಿ. ವಿಳಾಸ ತಪ್ಪಿ ಕೇಳಿಸಿಕೊಂಡಾಗ ಮತ್ತೆ ಕೇಳಬಹುದು. ಆದರೆ ಅದರಲ್ಲಿ ರೋಗಿಯ ಗುಟ್ಟು ಇರುತ್ತದೆ. ಯಾರು ಕೇಳಬಹುದು, ಎಷ್ಟು ದಿನ ಇಡಬೇಕು ಅಂತ ಮೊದಲೇ ತೀರ್ಮಾನಿಸಿ.

8. ಫೋನ್ ಪಕ್ಕದ ಚೀಟಿ

ಎಷ್ಟೇ ಒಳ್ಳೇ ಯಂತ್ರ ಬಂದರೂ ಆಂಬುಲೆನ್ಸ್ ತಡವಾಗುವುದು ಹೆಚ್ಚಾಗಿ ವಿಳಾಸದಿಂದ. ಲ್ಯಾಂಡ್‌ಲೈನಿಗೆ ಬಂದ ಕರೆಯಲ್ಲಿ ಕರೆದವರ ಜಾಗ ತಾನಾಗಿ ತೋರಿಸುವುದಿಲ್ಲ. ಕೇಳಬೇಕು.

ಮೊದಲ ಪ್ರಶ್ನೆ: ಯಾವ ಊರು? ತಮಾಷೆಯಲ್ಲ. ಜಯನಗರ, ಜೆ.ಪಿ. ನಗರ, ವಿಜಯನಗರ, ಹೆಬ್ಬಾಳ, ಇವೆಲ್ಲ ಮೈಸೂರಿನಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಮೈಸೂರಿನ ವಿಜಯನಗರ ಅಂದರೂ ಸಾಲದು, 1ನೇ ಹಂತದಿಂದ 4ನೇ ಹಂತದವರೆಗೆ ಇದೆ, ಒಂದರಿಂದ ಇನ್ನೊಂದಕ್ಕೆ ಒಳ್ಳೇ ದೂರ. ಮಂಡ್ಯ ಕಡೆ ಹೊಸಹಳ್ಳಿ, ಕೊಪ್ಪಲು ಅಂದರೆ ಯಾವುದು ಅಂತ ಹುಡುಕೋದು? ಊರಿನ ಜೊತೆ ತಾಲ್ಲೂಕು, ಹೋಬಳಿ ಕೇಳಲೇಬೇಕು.

ಎಕ್ಸ್‌ಪ್ರೆಸ್‌ವೇ ಆದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಕೇಳಿ, ಜೊತೆಗೆ ಗಾಡಿ ಯಾವ ಕಡೆಗೆ ಹೋಗುತ್ತಿತ್ತು ಅಂತ ಕೇಳಿ. ಬೆಂಗಳೂರು ಕಡೆಯ ಬದಿಯೋ, ಮೈಸೂರು ಕಡೆಯ ಬದಿಯೋ, ಅಥವಾ ಸರ್ವಿಸ್ ರಸ್ತೆಯೋ. ತಪ್ಪು ಬದಿಗೆ ಹತ್ತಿದ ಆಂಬುಲೆನ್ಸಿಗೆ ನಡುವೆ ಎಲ್ಲೂ ತಿರುಗಲು ಆಗುವುದಿಲ್ಲ, ಮುಂದಿನ ಇಳಿದಾಣದವರೆಗೆ ಹೋಗಿ ಬರಬೇಕು. ಹೆದ್ದಾರಿ ಪ್ರಾಧಿಕಾರದ 1033 ಕೂಡ ಡೆಸ್ಕಿನಲ್ಲಿ ಬರೆದಿರಲಿ.

ನಾಲೆ ಏರಿ ಇನ್ನೂ ಕಷ್ಟ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು ಸುಮಾರು 30 ಜನ ಸತ್ತರು. ನಾಲೆ ಏರಿಗೆ ಮನೆ ನಂಬರ್ ಇಲ್ಲ, ಕ್ರಾಸ್ ಇಲ್ಲ, ಎರಡೂ ಕಡೆ ಕಬ್ಬು. ಹತ್ತಿರದ ಸೇತುವೆ ಯಾವುದು, ತೂಬು ಯಾವುದು, ಯಾವ ಊರಿನ ಗದ್ದೆ, ನಾಲೆಯ ಎಡಗಡೆಯೋ ಬಲಗಡೆಯೋ. ಸ್ಮಾರ್ಟ್‌ಫೋನ್ ಇದ್ದರೆ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಅನ್ನಿ, ಅದಕ್ಕಾಗಿ ಡೆಸ್ಕಿನಲ್ಲಿ ಒಂದು ಸಂಸ್ಥೆಯ ಮೊಬೈಲ್ ಇರಲಿ.

ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಒಂದು ಹಾಳೆಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿ, ಫೋನ್ ಪಕ್ಕ ಅಂಟಿಸಿ: ಜಾಗ, ವಾಪಸ್ ಕರೆಯುವ ನಂಬರ್, ಏನಾಗಿದೆ, ಎಷ್ಟು ಜನ. ಜಾಗ ಮತ್ತು ನಂಬರ್ ಮೊದಲು ಯಾಕೆಂದರೆ, ಕರೆ ಕಟ್ ಆದರೂ ಗಾಡಿ ಹೊರಡಬಹುದು.

9. ಬದಲಿಸುವ ದಿನ

ದಸರೆಯ ಆಸುಪಾಸು ಬೇಡ. ಜುಲೈ, ಆಗಸ್ಟ್‌ನಲ್ಲಿ ಅಣೆಕಟ್ಟೆ ತುಂಬುವ ಹೊತ್ತಿನಲ್ಲಿ ಬೇಡ. ಶುಕ್ರವಾರ, ಶನಿವಾರ ಬೇಡವೇ ಬೇಡ, ಏನಾದರೂ ಕೈಕೊಟ್ಟರೆ ಸೋಮವಾರದವರೆಗೆ ಯಾರೂ ಸಿಗುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಶುರು ಮಾಡಿ. ಮಂಗಳವಾರ ಹೊಸ ಕೆಲಸ ಬೇಡ ಅನ್ನುವ ಹಿರಿಯರು ಆಡಳಿತ ಮಂಡಳಿಯಲ್ಲಿದ್ದರೆ ಬುಧವಾರ ಮಾಡಿ, ಜಗಳ ಯಾಕೆ.

ಹಳೇ ಡಬ್ಬಿ ಬಿಚ್ಚಬೇಡಿ. ಹೊಸದನ್ನು ಪಕ್ಕದಲ್ಲೇ ಕೂರಿಸಿ, ಮೊದಲು ಆಡಳಿತದ ಎಕ್ಸ್‌ಟೆನ್ಷನ್‌ಗಳನ್ನು ಅದಕ್ಕೆ ತನ್ನಿ. ಎರಡು ವಾರ ಅದರಲ್ಲಿ ಮಾತಾಡಿ, ಬೈಗುಳಗಳನ್ನು ಕೇಳಿ, ಸರಿ ಮಾಡಿ. ತುರ್ತು ನಂಬರ್ ಕೊನೆಗೆ ಬರಲಿ. ಅದನ್ನು ದಾಟಿಸುವ ದಿನ ಹತ್ತಿರದ ಅಗ್ನಿಶಾಮಕ ಠಾಣೆಗೆ, ಪೊಲೀಸ್ ಠಾಣೆಗೆ, ಅಕ್ಕಪಕ್ಕದ ಆಸ್ಪತ್ರೆಗಳಿಗೆ ಮೊದಲೇ ತಿಳಿಸಿ, ಬದಲಿ ಮೊಬೈಲ್ ನಂಬರ್ ಕೊಟ್ಟಿರಿ. ಯಾವ ತಂತಿ ಎಲ್ಲಿತ್ತು ಅಂತ ಫೋಟೋ ತೆಗೆದಿಟ್ಟುಕೊಂಡರೆ ಹತ್ತು ನಿಮಿಷದಲ್ಲಿ ಹಳೆಯದಕ್ಕೇ ಮರಳಬಹುದು.

10. ಕಾಟ ಕೊಟ್ಟು ನೋಡಿ

ಡೆಮೊ ದಿನ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಪರೀಕ್ಷೆ ಬೇರೆ ಇರಲಿ. ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗಡಿಯಾರ ಇಟ್ಟು ನೋಡಿ. ಮಾತಾಡುತ್ತಿರುವಾಗಲೇ ಒಂದು ಫೈಬರ್ ಕಿತ್ತು ನೋಡಿ. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್, ವಿಐ ನಾಲ್ಕರಿಂದಲೂ ಕರೆ ಮಾಡಿ. ಏಳು ಮೊಬೈಲ್ ಹಿಡಿದು ಏಳು ಜನ ಒಟ್ಟಿಗೆ ಒತ್ತಿ. ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿ. 112 ಮತ್ತು 101ಕ್ಕೆ ಪರೀಕ್ಷೆಯ ಕರೆ ಮಾಡುವುದಾದರೆ ಅವರ ಕಚೇರಿಗೆ ಮೊದಲೇ ಹೇಳಿ ಸಮಯ ಗೊತ್ತು ಮಾಡಿಕೊಳ್ಳಿ, ಸುಮ್ನೆ ಒತ್ತಬೇಡಿ.

ರಾತ್ರಿ ಪಾಳಿಯವರಿಗೆ ತರಬೇತಿ ಪ್ರತ್ಯೇಕವಾಗಿ ಬೇಕು. ಮಧ್ಯಾಹ್ನ ಮೂರಕ್ಕೆ ಇಟ್ಟ ತರಬೇತಿಗೆ ಅವರು ಬರುವುದಿಲ್ಲ, ನಿದ್ದೆ ಮಾಡುತ್ತಿರುತ್ತಾರೆ. ಸೆಕ್ಯುರಿಟಿಯವರಿಗೂ ಆಯಾಗಳಿಗೂ ಕರೆ ಎತ್ತುವುದು, ಟ್ರಾನ್ಸ್‌ಫರ್ ಮಾಡುವುದು ಕೈಯಿಂದ ಮಾಡಿಸಿ ಕಲಿಸಿ. ಎಷ್ಟೋ ಸಲ ನಡುರಾತ್ರಿ ಫೋನ್ ಹತ್ತಿರ ಇರುವುದು ಅವರೇ.

11. ಆಮೇಲೆ

ಯಂತ್ರದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಯಂತ್ರವನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ, ಐಎಸ್‌ಡಿ ಬಂದ್ ಮಾಡಿಸಿ. ಇಲ್ಲದಿದ್ದರೆ ಯಾರೋ ಕಳ್ಳರು ರಾತ್ರೋರಾತ್ರಿ ನಿಮ್ಮ ಲೈನಿನಿಂದ ಪರದೇಶಕ್ಕೆ ಮಾತಾಡಿ ಲಕ್ಷಗಟ್ಟಲೆ ಬಿಲ್ ಮಾಡಿಟ್ಟಿರುತ್ತಾರೆ. ತಿಂಗಳಿಗೊಮ್ಮೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡಿ, ಅದೇ ದಿನ ಐದು ನಿಮಿಷ ಮೇನ್ ಆಫ್ ಮಾಡಿ ತುರ್ತು ನಂಬರಿಗೆ ಒಂದು ಕರೆ ಮಾಡಿ.

ಹಳೇ ಡಬ್ಬಿಯನ್ನು ಒಂದು ಮಳೆಗಾಲ ದಾಟುವವರೆಗೆ ಇಟ್ಟುಕೊಂಡು, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತರಿಗೆ ಕೊಡಿ. ಅದರ ಸೀಸದ ಬ್ಯಾಟರಿಯನ್ನು ಹೊಸ ಬ್ಯಾಟರಿ ಕೊಡುವ ಡೀಲರ್ ವಾಪಸ್ ತೆಗೆದುಕೊಳ್ಳುತ್ತಾರೆ, ಬಿಲ್ಲಿನಲ್ಲಿ ಅಷ್ಟು ಮುರಿದುಕೊಳ್ಳುತ್ತಾರೆ ಕೂಡ. ಸತ್ತ ಲೈನ್‌ಗಳನ್ನು ಸರೆಂಡರ್ ಮಾಡುವ ಅರ್ಜಿಯಲ್ಲಿ ತುರ್ತು ನಂಬರ್ ಅಪ್ಪಿತಪ್ಪಿ ಸೇರಿಲ್ಲ ಅಂತ ಸಹಿ ಹಾಕುವ ಮುನ್ನ ಒಮ್ಮೆ ಓದಿ ನೋಡಿ.